ಡಯಟ್ ಪೋಸ್ಟಿಂಗ್‌ಗೆ ಹೊರಟಿದ್ದೀರಾ? ಮೊದಲು ಮನೆಯ ರೊಟ್ಟಿ ತೂಗಿ

"ಅಕ್ಕಾ, ಸೋಮವಾರದಿಂದ ಆಸ್ಪತ್ರ್ಯಾಗ ಪೋಸ್ಟಿಂಗ್ ಐತಿ. ಏನೇನ್ ತಗೊಂಡ್ ಹೋಗ್ಲಿ?"

ಪೋಸ್ಟಿಂಗ್ ಎಂದರೆ ಡಯಟಿಷಿಯನ್ ಆಗಲು ಓದುವವರು ಆಸ್ಪತ್ರೆಯಲ್ಲಿ ಮಾಡುವ ತರಬೇತಿ. ವರ್ಷಕ್ಕೆ ನಾಲ್ಕೈದು ಸಲವಾದರೂ ಈ ಫೋನು ಬರುತ್ತದೆ. ಬೆಳಗಾವಿಯಿಂದ, ಬಾಗಲಕೋಟೆಯಿಂದ, ವಿಜಯಪುರದಿಂದ. ನಾನು ಹೇಳುವ ಮೊದಲ ಮೂರು ಸಾಮಾನು ಕೇಳಿ ಆ ಕಡೆಯವರು ನಗುತ್ತಾರೆ. ಮನೆಯ ಒಂದು ವಾಟಿ, ಮನೆಯ ಒಂದು ಚಮಚ, ರಟ್ಟಿನಲ್ಲಿ ಕತ್ತರಿಸಿದ ಮೂರು ದುಂಡನೆಯ ರೊಟ್ಟಿ.

ಏಪ್ರನ್, ಪೆನ್ನು, ಐಡಿ ಕಾರ್ಡು ಎಲ್ಲ ಬೇಕೇ ಬೇಕು. ಅದನ್ನೂ ಹೇಳುತ್ತೇನೆ. ಆದರೆ ಅವನ್ನು ಕಾಲೇಜಿನವರೇ ನೆನಪಿಸುತ್ತಾರೆ. ರಟ್ಟಿನ ರೊಟ್ಟಿಯ ಬಗ್ಗೆ ಯಾರೂ ಹೇಳುವುದಿಲ್ಲ. ನನಗೂ ಯಾರೂ ಹೇಳಿರಲಿಲ್ಲ.

ಎಲ್ಲಕ್ಕಿಂತ ಮುಂಚೆ: ಸೂಜಿ

ಇದನ್ನು ಹಿಂದಿನ ರಾತ್ರಿ ಬ್ಯಾಗಿಗೆ ಹಾಕಿಕೊಳ್ಳಲು ಆಗುವುದಿಲ್ಲ, ಅದಕ್ಕೇ ಮೊದಲು ಹೇಳುತ್ತಿದ್ದೇನೆ. ಹೆಪಟೈಟಿಸ್ ಬಿ ಲಸಿಕೆ ಮೂರು ಡೋಸ್. ಇವತ್ತು ಒಂದು, ತಿಂಗಳಿಗೆ ಇನ್ನೊಂದು, ಆರನೇ ತಿಂಗಳಿಗೆ ಮೂರನೆಯದು. ಅಂದರೆ ಪೋಸ್ಟಿಂಗ್‌ಗೆ ಆರು ತಿಂಗಳು ಇರುವಾಗಲೇ ಶುರುವಾಗಬೇಕು. ತಡವಾಗಿದೆಯಾ? ಪರವಾಗಿಲ್ಲ, ಮೊದಲ ಡೋಸನ್ನಾದರೂ ಈಗಲೇ ಹಾಕಿಸಿಕೊಂಡು ಚೀಟಿ ಇಟ್ಟುಕೊಳ್ಳಿ. ಚಿಕ್ಕವರಿದ್ದಾಗ ಹಾಕಿಸಿದ್ದರೆ ಆ ಕಾರ್ಡನ್ನು ಅವ್ವನ ಟ್ರಂಕಿನಿಂದ ಹುಡುಕಿ ತೆಗೆಯಿರಿ.

ಆಸ್ಪತ್ರೆಯ ಅಡುಗೆಮನೆಯಲ್ಲೂ ಕೆಲಸ ಇರುತ್ತದೆ. ಅಡುಗೆ ಮುಟ್ಟುವವರಿಗೆ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಆಗಬೇಕು, ಟೈಫಾಯ್ಡ್ ಲಸಿಕೆ ಇರಬೇಕು ಎನ್ನುವುದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನಿಯಮ. ಅಲ್ಲಿನ ಸಿಬ್ಬಂದಿಯನ್ನು ಕೇಳಿದಂತೆ ನಿಮ್ಮನ್ನೂ ಕೇಳಬಹುದು. ಎರಡೂ ಚೀಟಿ ಒಂದೇ ಫೈಲಿನಲ್ಲಿರಲಿ.

ಕಾಗದ

ಕಾಲೇಜಿನ ಪತ್ರ, ಐಡಿ ಕಾರ್ಡು, ಆಧಾರ್ ಪ್ರತಿ, ನಾಲ್ಕು ಪಾಸ್‌ಪೋರ್ಟ್ ಫೋಟೋ, ಲಸಿಕೆ ಚೀಟಿ, ಲಾಗ್‌ಬುಕ್. ಇಷ್ಟೇ. ಹುಡುಗಿಯರು ಆಧಾರ್ ಮೂಲ ಕಾರ್ಡನ್ನೇ ಇಟ್ಟುಕೊಂಡರೆ ಸಾರಿಗೆ ಬಸ್ಸಿಗೂ ಆಗುತ್ತದೆ, ಶಕ್ತಿ ಯೋಜನೆಯಲ್ಲಿ ಟಿಕೆಟ್ ದುಡ್ಡು ಉಳಿಯುತ್ತದೆ.

ಇಂಡಿಯನ್ ಡಯಟೆಟಿಕ್ ಅಸೋಸಿಯೇಷನ್‌ನ ಆರ್‌ಡಿ (ರಿಜಿಸ್ಟರ್ಡ್ ಡಯಟಿಷಿಯನ್) ಪರೀಕ್ಷೆ ಬರೆಯುವ ಮನಸ್ಸಿದ್ದರೆ ಒಂದು ಮಾತು. ಅದಕ್ಕೆ 6 ತಿಂಗಳ ಇಂಟರ್ನ್‌ಶಿಪ್ ಬೇಕು. ಡಿಗ್ರಿಯ ಜೊತೆ ಬರುವ ಒಂದು ತಿಂಗಳ ಪೋಸ್ಟಿಂಗ್ ಸಾಲುವುದಿಲ್ಲ. ಆಸ್ಪತ್ರೆ ಆ ಲೆಕ್ಕಕ್ಕೆ ನಡೆಯುತ್ತದೋ ಇಲ್ಲವೋ ಎಂದು ಸೇರುವ ಮುಂಚೆಯೇ ಬರಹದಲ್ಲಿ ಕೇಳಿಕೊಳ್ಳಿ.

ಮೈಮೇಲೆ

ಬಿಳಿ ಏಪ್ರನ್ ಎರಡು. ಬೆಳಗಾವಿಯಲ್ಲಿ ಮಳೆಗಾಲಕ್ಕೆ ಪೋಸ್ಟಿಂಗ್ ಬಂದರೆ ಮೂರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಒಗೆದ ಬಟ್ಟೆ ಒಣಗುವ ಭರವಸೆ ಇಟ್ಟುಕೊಳ್ಳಬೇಡಿ. ಹಸಿ ವಾಸನೆಯ ಏಪ್ರನ್ ಹಾಕಿಕೊಂಡು ರೌಂಡ್ಸ್‌ನಲ್ಲಿ ನಿಂತವಳು ನಾನು. ವಿಜಯಪುರದ ಬೇಸಿಗೆಯಾದರೆ ಏಪ್ರನ್ ಒಂದು ತಾಸಿನಲ್ಲಿ ಒಣಗುತ್ತದೆ, ನೀವೂ ಒಣಗುತ್ತೀರಿ. ಅಲ್ಲಿಗೆ ಒಂದು ಲೀಟರಿನ ನೀರಿನ ಬಾಟಲಿ ಒಯ್ಯಿರಿ.

ಮುಂಗಾಲು ಮುಚ್ಚುವ, ಜಾರದ ಚಪ್ಪಲಿ ಅಥವಾ ಬೂಟು. ಉಗುರು ಸಣ್ಣಗೆ. ಬಳೆ, ಉಂಗುರ, ವಾಚು, ನೇಲ್ ಪಾಲಿಶ್ ಮನೆಯಲ್ಲೇ ಇರಲಿ. ಬಳೆ ಬಿಚ್ಚುವುದಕ್ಕೆ ಮನೆಯಲ್ಲಿ ಹಿರಿಯರು ಬೇಡ ಅನ್ನಬಹುದು. "ಕೆಲಸದ ಹೊತ್ತಿನಾಗ ಅಷ್ಟೇ ಬೇ ಅಜ್ಜಿ" ಎಂದು ಮುಂಚೆಯೇ ಹೇಳಿ ಒಪ್ಪಿಸಿ. ಅಡುಗೆಮನೆಗೆ ತಲೆಗವಸು ಅಲ್ಲೇ ಕೊಡುತ್ತಾರೆ. ಆದರೂ ಎರಡು ಬ್ಯಾಗಿನಲ್ಲಿರಲಿ.

ಈಗ ರೊಟ್ಟಿ

ನನ್ನ ಮೊದಲ ವಾರ. ಸಕ್ಕರೆ ಕಾಯಿಲೆಯ ಒಬ್ಬ ಕಾಕಾ, ರೈತರು. ಹಿಂದಿನ ದಿನ ಏನೇನು ಉಂಡಿರಿ ಎಂದು 24 ಗಂಟೆಯ ರಿಕಾಲ್ ತೆಗೆದುಕೊಂಡೆ. ಮುಂಜಾನೆ ಎರಡು ರೊಟ್ಟಿ, ಸಂಜೆ ಎರಡು ರೊಟ್ಟಿ. ಪುಸ್ತಕದ ಎಕ್ಸ್‌ಚೇಂಜ್ ಪಟ್ಟಿಯಲ್ಲಿ, ಅಂದರೆ ಯಾವ ಪದಾರ್ಥ ಎಷ್ಟಕ್ಕೆ ಸಮ ಎಂದು ತೋರಿಸುವ ಪಟ್ಟಿಯಲ್ಲಿ, ಒಂದು ರೊಟ್ಟಿಗೆ 30 ಗ್ರಾಂ ಹಿಟ್ಟು. ನಾಲ್ಕಕ್ಕೆ 400 ಕ್ಯಾಲೊರಿ ಎಂದು ಬರೆದು, ಈ ಮನುಷ್ಯ ಉಣ್ಣುವುದು ತೀರಾ ಕಡಿಮೆ ಎಂದು ಷರಾ ಬೇರೆ ಹಾಕಿದೆ. ಡಯಟಿಷಿಯನ್ ಮೇಡಂ ಹಾಳೆ ನೋಡಿದರು. ಒಂದೇ ಪ್ರಶ್ನೆ ಕೇಳಿದರು: "ಯಾವ ಊರಿನ ರೊಟ್ಟಿ?"

ಆ ಭಾನುವಾರ ಮುಧೋಳಕ್ಕೆ ಹೋಗಿ ನಮ್ಮ ಮನೆಯ ರೊಟ್ಟಿ ತೂಗಿದೆ. ನೀವೂ ಪೋಸ್ಟಿಂಗ್‌ಗೆ ಮುಂಚೆ ಹೀಗೆ ಮಾಡಿ:

1. ಒಂದು ಕಿಲೋ ಜೋಳದ ಹಿಟ್ಟು ತೂಗಿ ಅವ್ವನ ಮುಂದಿಡಿ. ನಾದಲು, ಬಡಿಯುವಾಗ ಉದುರಿಸಲು, ಎಲ್ಲಕ್ಕೂ ಅದರಿಂದಲೇ ತೆಗೆದುಕೊಳ್ಳಲಿ.
2. ರೊಟ್ಟಿ ಬಡಿಯಲು ಬಿಡಿ. ಮಧ್ಯೆ ಬಾಯಿ ಹಾಕಬೇಡಿ. ನೋಡುತ್ತಿದ್ದೀರಿ ಎಂದು ಗೊತ್ತಾದರೆ ರೊಟ್ಟಿ ಸಣ್ಣದಾಗುತ್ತದೆ!
3. ಉಳಿದ ಹಿಟ್ಟು ತೂಗಿ. ಖರ್ಚಾದದ್ದನ್ನು ರೊಟ್ಟಿಯ ಸಂಖ್ಯೆಯಿಂದ ಭಾಗಿಸಿ.

ನಮ್ಮಲ್ಲಿ 12 ರೊಟ್ಟಿಗೆ 840 ಗ್ರಾಂ ಹಿಟ್ಟು ಹೋಗಿತ್ತು. ಒಂದಕ್ಕೆ 70 ಗ್ರಾಂ. ಜೋಳದಲ್ಲಿ 100 ಗ್ರಾಂಗೆ ಸುಮಾರು 334 ಕ್ಯಾಲೊರಿ, 10 ಗ್ರಾಂ ಪ್ರೋಟೀನ್. ಅಂದರೆ ಒಂದು ರೊಟ್ಟಿಗೆ 234 ಕ್ಯಾಲೊರಿ, ನಾಲ್ಕಕ್ಕೆ 900 ದಾಟುತ್ತದೆ. ಆ ಕಾಕಾರ ಲೆಕ್ಕದಲ್ಲಿ ನಾನು ಬರೀ ರೊಟ್ಟಿಯಲ್ಲೇ 500ಕ್ಕೂ ಜಾಸ್ತಿ ತಿಂದುಹಾಕಿದ್ದೆ. ಇನ್ಸುಲಿನ್ ತೆಗೆದುಕೊಳ್ಳುವವರ ವಿಷಯದಲ್ಲಿ ಇದು ಸಣ್ಣ ತಪ್ಪಲ್ಲ.

ಹಿಟ್ಟನ್ನೇ ತೂಗಿ ಎನ್ನಲು ಕಾರಣ ಇದೆ. ಬಿಸಿ ರೊಟ್ಟಿಯಲ್ಲಿ ನೀರಿರುತ್ತದೆ, ಕಡಕ್ ರೊಟ್ಟಿಯಲ್ಲಿ ಒಣಗಿ ಹೋಗಿರುತ್ತದೆ. ರೊಟ್ಟಿಯನ್ನೇ ತೂಗಿದರೆ ಕಡಕ್ ರೊಟ್ಟಿ ಹಗುರ ಕಾಣುತ್ತದೆ. "ಕಡಕ್ ರೊಟ್ಟಿ ತಿಂದ್ರ ಶುಗರ್ ಏರಂಗಿಲ್ಲ" ಎಂದು ವಾರ್ಡಿನಲ್ಲಿ ಎಷ್ಟೋ ಜನ ನಂಬಿದ್ದಾರೆ. ಹಿಟ್ಟು ಅಷ್ಟೇ ಇದ್ದರೆ ಹಿಟ್ಟು ಅಷ್ಟೇ.

ತೂಗಿದ ಮೇಲೆ ರಟ್ಟು ತೆಗೆದುಕೊಂಡು 18, 22, 26 ಸೆಂಟಿಮೀಟರ್ ಅಗಲದ ಮೂರು ವೃತ್ತ ಕತ್ತರಿಸಿ. ಪ್ರತಿಯೊಂದರ ಹಿಂದೆ ಆ ಅಳತೆಯ ರೊಟ್ಟಿಗೆ ನಿಮ್ಮ ಮನೆಯಲ್ಲಿ ಹೋಗುವ ಹಿಟ್ಟು ಬರೆದುಕೊಳ್ಳಿ. ವಾರ್ಡಿನಲ್ಲಿ "ದೊಡ್ಡದೋ ಸಣ್ಣದೋ" ಎಂದು ಕೇಳಿದರೆ "ಸಾದಾ ರೊಟ್ಟಿನಬೇ ತಂಗಿ" ಎನ್ನುತ್ತಾರೆ. ರಟ್ಟು ತೋರಿಸಿದರೆ ಬೆರಳಿಡುತ್ತಾರೆ. ದಪ್ಪ ಎಷ್ಟು ಎಂಬುದನ್ನು ಮನೆಯಲ್ಲಿ ರೊಟ್ಟಿ ಮಾಡುವವರಿಗೇ ಕೇಳಿ. ರೋಗಿ ಗಂಡಸಾದರೆ ಅವರಿಗೆ ಗೊತ್ತಿರುವುದಿಲ್ಲ, ಪಕ್ಕದಲ್ಲಿ ಕೂತವರಿಗೆ ಗೊತ್ತಿರುತ್ತದೆ.

ವಾಟಿ, ಚಮಚ, ಗ್ಲಾಸು

ಮನೆಯ ವಾಟಿಗೆ ನೀರು ತುಂಬಿ ಅಳೆಯಿರಿ. ನನ್ನದು 150 ಮಿಲಿ. ಚಹಾದ ಗ್ಲಾಸು, ಊಟದ ಚಮಚ, ಸಾರಿನ ಸೌಟು ಕೂಡ ಅಳೆದು ಸಂಖ್ಯೆಯನ್ನು ಮಾರ್ಕರ್‌ನಲ್ಲಿ ಕೆಳಗೆ ಬರೆಯಿರಿ. ಅಳತೆಯ ಚಮಚ 5 ಮಿಲಿ ಇದ್ದರೆ ಮನೆಯ ಚಮಚ ಅದಕ್ಕಿಂತ ದೊಡ್ಡದಿರಬಹುದು. "ಚಾಕ್ಕ ಒಂದೇ ಚಮಚ ಸಕ್ಕರಿ ರೀ" ಎಂದವರನ್ನು ದಿನಕ್ಕೆ ಎಷ್ಟು ಚಾ ಎಂದು ಕೇಳಿ. ಆರೋ ಏಳೋ ಇರುತ್ತದೆ.

ಎಣ್ಣೆ ಮತ್ತು ಉಪ್ಪಿಗೆ ಚಮಚದ ಲೆಕ್ಕ ಕೇಳಬೇಡಿ, ಯಾರೂ ಅಳೆದು ಹಾಕುವುದಿಲ್ಲ. ಸಂತೆಯ ಲೆಕ್ಕ ಕೇಳಿ. ತಿಂಗಳಿಗೆ ಎಷ್ಟು ಕಿಲೋ ಎಣ್ಣೆ, ಎಷ್ಟು ಮಂದಿ ಉಣ್ಣುತ್ತೀರಿ? ಐದು ಜನಕ್ಕೆ 4 ಕಿಲೋ ಎಂದರೆ ತಲೆಗೆ ದಿನಕ್ಕೆ ಸುಮಾರು 27 ಗ್ರಾಂ. ಒಂದು ಕಿಲೋ ಉಪ್ಪಿನ ಪಾಕೀಟು ಅದೇ ಐದು ಜನಕ್ಕೆ 20 ದಿನ ಬಂದರೆ ತಲೆಗೆ 10 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 5 ಗ್ರಾಂಗಿಂತ ಕಡಿಮೆ.

ಉಪ್ಪಿನ ಮಾತು ಬಂದಿದ್ದರಿಂದ ಹೇಳಿಬಿಡುತ್ತೇನೆ. ನಮ್ಮ ಕಡೆ "ಉಪ್ಪು ಕಡಿಮೆ ಮಾಡ್ರಿ" ಎಂದರೆ "ರೊಟ್ಟಿಗೆ ನಾವು ಉಪ್ಪೇ ಹಾಕೂದಿಲ್ಲಲ್ರಿ" ಎಂಬ ಉತ್ತರ ಬರುತ್ತದೆ. ನಿಜವೇ. ಉಪ್ಪು ಇರುವುದು ಶೇಂಗಾ ಹಿಂಡಿಯಲ್ಲಿ, ಗುರೆಳ್ಳು ಹಿಂಡಿಯಲ್ಲಿ, ಉಪ್ಪಿನಕಾಯಿಯಲ್ಲಿ, ಹಪ್ಪಳ ಸಂಡಿಗೆಯಲ್ಲಿ. ಒಂದೊಂದನ್ನೂ ಹೆಸರು ಹಿಡಿದು ಕೇಳಬೇಕು. ಹಾಗೆಯೇ ಕಿಡ್ನಿ ರೋಗಿಗಳಿಗೆ "ಕಡಿಮೆ ಸೋಡಿಯಂ ಉಪ್ಪು" ತರುತ್ತೀರಾ ಎಂದೂ ಕೇಳಿ. ಅದರಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ. ಬಿಪಿಗೆ ಒಳ್ಳೆಯದು ಎಂದು ಮನೆಯವರು ಪ್ರೀತಿಯಿಂದ ತಂದಿರುತ್ತಾರೆ, ಕಿಡ್ನಿ ಕೈಕೊಟ್ಟವರಿಗೆ ಅದೇ ಅಪಾಯ. ವಿಜಯಪುರದ ಕಡೆಯವರಾದರೆ ಒಣದ್ರಾಕ್ಷಿ ಕೇಳಲು ಮರೆಯಬೇಡಿ. ಮನೆಯಲ್ಲಿ ಡಬ್ಬಿಗಟ್ಟಲೆ ಇರುತ್ತದೆ, ಅದನ್ನು ಯಾರೂ ಊಟದ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದರಲ್ಲೂ ಪೊಟ್ಯಾಸಿಯಂ ಜಾಸ್ತಿ.

ಒಂದು ಗ್ರಾಂವರೆಗೆ ತೋರಿಸುವ ಅಡುಗೆ ತಕ್ಕಡಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಇಬ್ಬರು ಮೂವರು ಸೇರಿ ಒಂದು ಕೊಂಡರೆ ಸಾಕು. ಅದು ಮನೆ, ಹಾಸ್ಟೆಲಿನ ಕೆಲಸಕ್ಕೆ. ವಾರ್ಡಿಗೆ ತರಬೇಡಿ.

ಜೇಬಿನಲ್ಲಿ

ಅಂಗೈ ಅಗಲದ ಪುಸ್ತಕ, ಎರಡು ಬಣ್ಣದ ಪೆನ್ನು, ಸಾದಾ ಕ್ಯಾಲ್ಕುಲೇಟರ್, ಟೇಪು. ಕೆಲವು ವಾರ್ಡುಗಳಲ್ಲಿ ಫೋನ್ ತೆಗೆದರೆ ಸಿಸ್ಟರ್ ಬೈಯುತ್ತಾರೆ, ಅದಕ್ಕೇ ಕ್ಯಾಲ್ಕುಲೇಟರ್. ಟೇಪು ದರ್ಜಿಯ ಹಳೆಯ ಬಟ್ಟೆ ಟೇಪು ಆಗಬಾರದು, ಅದು ಜಗ್ಗಿರುತ್ತದೆ. ಫೈಬರ್‌ನದು ತೆಗೆದುಕೊಂಡು ಸ್ಟೀಲ್ ಸ್ಕೇಲಿನ ಮೇಲೆ ಒಮ್ಮೆ ಇಟ್ಟು ನೋಡಿ. ಮಕ್ಕಳ ಪೌಷ್ಟಿಕ ಪುನರ್ವಸತಿ ಕೇಂದ್ರಕ್ಕೆ, ಅಂದರೆ ಎನ್‌ಆರ್‌ಸಿಗೆ, ಪೋಸ್ಟಿಂಗ್ ಆದರೆ ಅರ್ಧ ಸೆಂಟಿಮೀಟರ್ ಕೂಡ ದೊಡ್ಡ ಮಾತು. 6ರಿಂದ 59 ತಿಂಗಳ ಮಗುವಿನ ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆ ಇದ್ದರೆ ತೀವ್ರ ಅಪೌಷ್ಟಿಕತೆ. 11.5ರಿಂದ 12.5ರೊಳಗಿದ್ದರೆ ಮಧ್ಯಮ.

ಪುಸ್ತಕದ ಮೊದಲ ಕೆಲವು ಪುಟಗಳನ್ನು ಮನೆಯಲ್ಲೇ ತುಂಬಿಸಿಕೊಂಡು ಹೋಗಿ.

ಮೊದಲ ಪುಟಕ್ಕೆ ಐಸಿಎಂಆರ್–ಎನ್‌ಐಎನ್ (ಎನ್‌ಐಎನ್ ಎಂದರೆ ರಾಷ್ಟ್ರೀಯ ಪೋಷಣಾ ಸಂಸ್ಥೆ) 2020ರ ಸಂಖ್ಯೆಗಳು, ಅಂದರೆ ದಿನಕ್ಕೆ ಯಾರಿಗೆ ಎಷ್ಟು ಬೇಕು ಎಂಬುದು. ಕೂತು ಕೆಲಸ ಮಾಡುವ 65 ಕಿಲೋ ಗಂಡಸಿಗೆ 2110 ಕ್ಯಾಲೊರಿ, 55 ಕಿಲೋ ಹೆಂಗಸಿಗೆ 1660. ಪ್ರೋಟೀನ್ ಮೈತೂಕದ ಕಿಲೋಗೆ 0.83 ಗ್ರಾಂ. ಸೀನಿಯರ್ ಕೊಟ್ಟ ನೋಟ್ಸಿನಲ್ಲಿ 2320 ಮತ್ತು 1900 ಎಂದಿದ್ದರೆ ಅದು 2010ರದು. ಆ ಜೆರಾಕ್ಸ್ ಇನ್ನೂ ಕೈಯಿಂದ ಕೈಗೆ ಹೋಗುತ್ತಲೇ ಇದೆ.

ಎರಡನೇ ಪುಟಕ್ಕೆ ನಮ್ಮ ಕಡೆಯ ಒಂದು ನಲವತ್ತು ಪದಾರ್ಥ: ಜೋಳ, ಸಜ್ಜೆ, ಶೇಂಗಾ, ತೊಗರಿಬೇಳೆ, ಮಡಿಕೆಕಾಳು, ಹೆಸರು, ತತ್ತಿ, ಹಾಲು, ಪುಂಡಿ ಪಲ್ಯ, ಮೆಂತೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕದಲ್ಲಿ 528 ಪದಾರ್ಥ ಇವೆ, ಅಷ್ಟನ್ನು ಹೊತ್ತು ತಿರುಗುವುದು ಸುಮ್ನೆ ಭಾರ. ಒಂದು ಎಚ್ಚರ: ಅದರಲ್ಲಿ ಶಕ್ತಿಯನ್ನು ಕಿಲೋಜೂಲ್‌ನಲ್ಲಿ ಕೊಟ್ಟಿದ್ದಾರೆ. 4.184ರಿಂದ ಭಾಗಿಸಬೇಕು. ಜೋಳದ ಎದುರಿಗಿರುವ 1398 ಎಂಬ ಸಂಖ್ಯೆಯನ್ನು ಕ್ಯಾಲೊರಿ ಎಂದು ಓದಿದ ನನ್ನ ಗೆಳತಿಯೊಬ್ಬಳು ಅರ್ಧ ದಿನ ತಲೆ ಕೆಡಿಸಿಕೊಂಡಿದ್ದಳು.

ಮೂರನೇ ಪುಟಕ್ಕೆ ರಕ್ತದ ವರದಿಯ ಸಾಮಾನ್ಯ ಮಿತಿಗಳು. ಸೋಡಿಯಂ 135–145, ಪೊಟ್ಯಾಸಿಯಂ 3.5–5, ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಪರೀಕ್ಷೆ) ಶೇ 6.5 ಮತ್ತು ಮೇಲಾದರೆ ಸಕ್ಕರೆ ಕಾಯಿಲೆ. ಲ್ಯಾಬಿನಿಂದ ಲ್ಯಾಬಿಗೆ ಸ್ವಲ್ಪ ಬೇರೆ ಇರಬಹುದು, ವರದಿಯ ಬದಿಯಲ್ಲಿ ಮುದ್ರಿಸಿದ್ದನ್ನೇ ನಂಬಿ.

ನಾಲ್ಕನೆಯದು ಎದ್ದು ನಿಲ್ಲಲಾಗದವರ ಎತ್ತರದ ಸೂತ್ರ. ಹೆಂಗಸರಿಗೆ: ಮೊಣಕಾಲೆತ್ತರವನ್ನು (ಹಿಮ್ಮಡಿಯಿಂದ ಮೊಣಕಾಲಿನವರೆಗೆ, ಸೆಂ.ಮೀ.ನಲ್ಲಿ) 1.83ರಿಂದ ಗುಣಿಸಿ, 84.88 ಕೂಡಿಸಿ, ವಯಸ್ಸನ್ನು 0.24ರಿಂದ ಗುಣಿಸಿ ಕಳೆಯಿರಿ. 60 ವರ್ಷದ ಅಜ್ಜಿಗೆ ಮೊಣಕಾಲು 45 ಸೆಂ.ಮೀ. ಬಂದರೆ ಎತ್ತರ ಹತ್ತಿರ ಹತ್ತಿರ 153. ಗಂಡಸರಿಗೆ ಅದೇ ಕ್ರಮದಲ್ಲಿ 2.02, 64.19, 0.04. ಇದು ಅಮೆರಿಕದ ವಯಸ್ಸಾದವರ ಅಳತೆಯಿಂದ ಬಂದ ಲೆಕ್ಕ. ಆದ್ದರಿಂದ ಹಾಳೆಯ ಮೇಲೆ "ಅಂದಾಜು" ಎಂದು ಬರೆಯಿರಿ.

ಪುಸ್ತಕದಲ್ಲಿ ರೋಗಿಯ ಹೆಸರು ಬೇಡ. ಬೆಡ್ ನಂಬರ್ ಸಾಕು. ಕೇಸ್ ಶೀಟಿನ ಫೋಟೋ ಅಂತೂ ತೆಗೆಯಲೇಬೇಡಿ, ಕಾಲೇಜಿನ ಗ್ರೂಪಿಗೆ ಹಾಕಿ ಡೌಟು ಕೇಳುವ ಅಭ್ಯಾಸ ಬೇಡ.

ಮಾತು

ಬೆಳಗಾವಿಯ ವಾರ್ಡಿನಲ್ಲಿ ಒಂದು ಬೆಡ್ಡಿಗೆ ಕನ್ನಡ, ಪಕ್ಕದ ಬೆಡ್ಡಿಗೆ ಮರಾಠಿ. ವಿಜಯಪುರದಲ್ಲಿ ಉರ್ದು ಜಾಸ್ತಿ ಕಿವಿಗೆ ಬೀಳುತ್ತದೆ. ಹತ್ತಿಪ್ಪತ್ತು ಊಟದ ಶಬ್ದ ಬರೆದುಕೊಂಡು ಹೋಗಿ.

ಬಿಪಿ ಇದ್ದ ಒಬ್ಬ ಮರಾಠಿ ಅಜ್ಜ "ಮೀಠ ಕಮಿ ಖಾತೋ" ಎಂದರು. ನಾನು ಹಿಂದಿಯ ಮೀಠಾ ಎಂದುಕೊಂಡು "ಸಿಹಿ ಕಡಿಮೆ ತಿನ್ನುತ್ತಾರೆ" ಎಂದು ಬರೆದೆ. ಮರಾಠಿಯಲ್ಲಿ ಮೀಠ ಎಂದರೆ ಉಪ್ಪು. ಪಾಪ, ಅವರು ಉಪ್ಪು ಕಡಿಮೆ ಮಾಡಿದ್ದರು, ನಾನು ಅವರಿಗೆ ಉಪ್ಪಿನ ಮೇಲೆ ಕಾಲು ಗಂಟೆ ಪಾಠ ಮಾಡಿದೆ. ಭಾಕರಿ ಎಂದರೆ ರೊಟ್ಟಿ, ಸಾಖರ ಎಂದರೆ ಸಕ್ಕರೆ. ಪೋಳಿ ಎಂದರೆ ಕೆಲವರಿಗೆ ಚಪಾತಿ, ಕೆಲವರಿಗೆ ಹೋಳಿಗೆ. ಎರಡರ ನಡುವಿನ ವ್ಯತ್ಯಾಸ ನಿಮಗೆ ಗೊತ್ತೇ ಇದೆ, ಅಲ್ವಾ? ಕೇಳಿ ಖಾತ್ರಿ ಮಾಡಿಕೊಳ್ಳಿ.

ಕನ್ನಡದವರ ಜೊತೆಗೂ ಪುಸ್ತಕದ ಮಾತು ನಡೆಯುವುದಿಲ್ಲ. "ಹಸಿರು ಸೊಪ್ಪು ತರಕಾರಿ ಸೇವಿಸಿ" ಎಂದರೆ ತಲೆ ಆಡಿಸುತ್ತಾರೆ, ಅಷ್ಟೇ. ರಾಜಗಿರಿ, ಪುಂಡಿ, ಕಿರಕಸಾಲಿ, ಹಕ್ಕರಿಕೆ ಎಂದು ಹೆಸರು ಹೇಳಿದರೆ ಮುಖ ಅರಳುತ್ತದೆ. ಎಲ್ಲಿಂದಲೋ ಬಂದ ಅಚ್ಚಿನ ಡಯಟ್ ಶೀಟಿನಲ್ಲಿ ಓಟ್ಸು, ಬ್ರೊಕೊಲಿ ಇರುತ್ತವೆ. ಅದನ್ನು ಕೈಗೆ ಕೊಟ್ಟರೆ ಮಡಚಿ ಚಿನ್ನದ ಸಾಲದ ಚೀಟಿಯ ಜೊತೆ ಭದ್ರವಾಗಿ ಇಡುತ್ತಾರೆ. ಓದುವುದಿಲ್ಲ. ನಾಲ್ಕು ಸ್ಕೆಚ್ ಪೆನ್ನು ಇಟ್ಟುಕೊಳ್ಳಿ. ಅಕ್ಷರ ಬಾರದವರಿಗೆ ಒಂದು ಗಂಗಾಳ ಬಿಡಿಸಿ, ಅರ್ಧ ಪಲ್ಯೆ, ಕಾಲು ರೊಟ್ಟಿ, ಕಾಲು ಬೇಳೆ ಎಂದು ಬಣ್ಣ ತುಂಬಿ ಕೊಡಿ.

ಹೆಸರು ನೋಡಿ ಊಟ ಊಹಿಸಬೇಡಿ. ತತ್ತಿ ತಿನ್ನುತ್ತೀರಾ ಎಂದು ಎಲ್ಲರನ್ನೂ ಕೇಳಿ. ಕೆಲವರು ಮನೆಯಲ್ಲಿ ತಿನ್ನುವುದಿಲ್ಲ, ಹೊರಗೆ ತಿನ್ನುತ್ತಾರೆ. ಅತ್ತೆಯ ಮುಂದೆ ಕೇಳಿದರೆ ಇಲ್ಲ ಎನ್ನುತ್ತಾರೆ. ಶ್ರಾವಣ ಸೋಮವಾರ, ಏಕಾದಶಿ, ರಂಜಾನ್ ಯಾವಾಗ ಬರುತ್ತವೆ ಎಂದು ಪುಸ್ತಕದ ಹಿಂದೆ ಬರೆದುಕೊಳ್ಳಿ. ಶುಗರ್ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರ ಉಪವಾಸದ ವಿಷಯವನ್ನು ಆ ದಿನ ಬರುವ ಮುಂಚೆಯೇ ಡಾಕ್ಟರ ಕಿವಿಗೆ ಹಾಕಬೇಕು.

ಅಡುಗೆಮನೆ ಪಾಳಿಗೆ

ಬೇಗ ಏಳುವ ಅಭ್ಯಾಸ ಒಯ್ಯಿರಿ. ತಿಂಡಿಯ ಟ್ರಾಲಿ ಹೊರಡುವ ಮುಂಚೆ ನೀವು ಅಲ್ಲಿರಬೇಕು, ಮೊದಲ ಬಸ್ಸು ಎಷ್ಟಕ್ಕೆ ಎಂದು ಹಿಂದಿನ ದಿನವೇ ನೋಡಿ. ಬಿಸಿ ಊಟ 60 ಡಿಗ್ರಿಗಿಂತ ಕೆಳಗೆ ಇಳಿಯಬಾರದು, ಅದಕ್ಕೆ ಥರ್ಮಾಮೀಟರ್ ಅಲ್ಲೇ ಇರುತ್ತದೆ. ಅಡುಗೆಯವರನ್ನು ಅಕ್ಕಾರ, ಅಣ್ಣಾರ ಎಂದು ಮಾತಾಡಿಸಿ. ಎರಡು ನೂರು ಜನರ ಸಾರಿಗೆ ಎಷ್ಟು ಬೇಳೆ ಎಂಬುದು ಅವರ ಕೈಗೆ ಗೊತ್ತು, ನಿಮ್ಮ ಪುಸ್ತಕಕ್ಕೆ ಗೊತ್ತಿಲ್ಲ. ಮೊದಲ ಎರಡು ದಿನ ಕಲಿಸಲು ಹೋಗಬೇಡಿ.

ನಿಮ್ಮ ಬುತ್ತಿ ನೀವು ಕಟ್ಟಿಕೊಂಡು ಹೋಗಿ. ಊಟದ ಬುದ್ಧಿ ಹೇಳಲು ಬಂದ ಹುಡುಗಿಯೇ ನಾಷ್ಟಾ ಬಿಟ್ಟು ಐಸಿಯು ಬಾಗಿಲಲ್ಲಿ ತಲೆ ತಿರುಗಿ ಬಿದ್ದದ್ದನ್ನು ನೋಡಿದ್ದೇನೆ.

ಮೊದಲ ದಿನ

ಬೆಳಿಗ್ಗೆ ಹೋದ ಕೂಡಲೇ ಮೂರು ಸಂಗತಿ ಕೇಳಿಕೊಳ್ಳಿ. ತೂಕದ ಯಂತ್ರ ಯಾವ ವಾರ್ಡಿನಲ್ಲಿದೆ ಮತ್ತು ಕೊನೆಗೆ ಯಾವಾಗ ಸರಿ ನೋಡಿದ್ದು. ಟ್ಯೂಬ್ ಊಟದ ಚಾರ್ಟ್ ಯಾರು ಬರೆಯುತ್ತಾರೆ, ಅದನ್ನು ಮುಟ್ಟಲು ನಿಮಗೆ ಅನುಮತಿ ಇದೆಯೋ ಇಲ್ಲವೋ. ಲಾಗ್‌ಬುಕ್ಕಿಗೆ ಸಹಿ ಯಾರದು.

ರೋಗಿಗೆ ನೀವಾಗಿಯೇ ಏನನ್ನೂ ತಿನ್ನಿ, ಬಿಡಿ ಎಂದು ಹೇಳಬೇಡಿ. "ಮೇಡಂನ ಕೇಳಿ ಬಂದು ಹೇಳ್ತೀನ್ರಿ" ಎಂಬ ಮಾತಿಗೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಹೋಗಿ ಕೇಳಿ, ಮತ್ತೆ ಬಂದು ಹೇಳಿ. ಬರುವುದನ್ನು ಮರೆತರೆ ಮಾತ್ರ ಅವರು ನೆನಪಿಟ್ಟುಕೊಳ್ಳುತ್ತಾರೆ.

ಸಹಿಯನ್ನು ಅವತ್ತಿನದು ಅವತ್ತೇ ಹಾಕಿಸಿಕೊಳ್ಳಿ. ತಿಂಗಳ ಕೊನೆಗೆ 26 ದಿನದ್ದನ್ನು ಒಟ್ಟಿಗೆ ಹಿಡಿದುಕೊಂಡು ಹೋದರೆ ಏನಾಗುತ್ತದೆ ಎಂದು ನನ್ನನ್ನು ಕೇಳಿ. ಮೇಡಂ ಪ್ರತಿ ಪುಟದ ಕೇಸನ್ನೂ ಬಾಯಲ್ಲಿ ಹೇಳಿಸಿದರು, ಕೊನೆಯ ಬಸ್ಸು ಹೋಗಿಯೇಬಿಟ್ಟಿತ್ತು.